ಸಂಘದ ಸಾಲ, ಕೈಸಾಲ: ಹೊಣೆ ಯಾರದು, ಸರ್ಕಾರ ಎಲ್ಲಿ ಬರಬೇಕು?

ಗದಗ: ಕಳಸಾಪುರದಂಥ ಊರಾಗ ವಾರದ ಕಂತಿನ ದಿನ ಹೆಂಗಿರತೈತಿ ಅಂತ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಒಬ್ಬರ ಮನಿ ಕಟ್ಟಿ ಮುಂದ ಹೆಣ್ಣುಮಕ್ಕಳು ಕೂಡತಾರ. ಬೈಕ್ ಮೇಲೆ ಬಂದ ಹುಡುಗ ರೊಕ್ಕ ಎಣಿಸಿಕೊಂಡು ಹೋಗತಾನ. ಒಬ್ಬಾಕಿ ಕೈಯಾಗ ಕಂತು ಇಲ್ಲ ಅಂದ್ರ ಉಳಿದವರು ಸೇರಿಸಿ ಕಟ್ಟಬೇಕು, ಇಲ್ಲಾಂದ್ರ ಯಾರೂ ಎದ್ದು ಹೋಗಂಗಿಲ್ಲ. ಮರುವಾರದಿಂದ ಆಕಿ ಜೊತೆ ಮಾತು ಬಂದ್.

ಈ ಸಾಲದ ವಿಷಯ ರಾಜ್ಯಕ್ಕೆಲ್ಲ ದೊಡ್ಡದಾಗಿದ್ದು 2025ರ ಜನವರಿಯಲ್ಲಿ. ಚಾಮರಾಜನಗರ, ಮೈಸೂರು ಕಡೆಯಿಂದ ಸಾಲ ವಸೂಲಿಗೆ ಹೆದರಿ ಜನ ಮನೆ ಬಿಟ್ಟು ಹೋದ ಸುದ್ದಿಗಳು ಬಂದವು, ಆತ್ಮಹತ್ಯೆಗಳೂ ಆದವು. ಸರ್ಕಾರ ಸುಗ್ರೀವಾಜ್ಞೆ ತಂದಿತು. ಗರಿಷ್ಠ 10 ವರ್ಷ ಜೈಲು, 5 ಲಕ್ಷ ರೂಪಾಯಿ ದಂಡ ಅತಿಯಾಯಿತು ಎಂದು ರಾಜ್ಯಪಾಲರು ಒಮ್ಮೆ ವಾಪಸ್ ಕಳಿಸಿದರು. ಕೊನೆಗೆ ಫೆಬ್ರುವರಿ 12ರಂದು ಜಾರಿಗೆ ಬಂತು. ಅದೇ ತಿಂಗಳು ನಮ್ಮ ಗದಗ-ಬೆಟಗೇರಿಯಲ್ಲಿ ಬಡ್ಡಿ ವ್ಯವಹಾರದವರ ಮೇಲೆ ಪೊಲೀಸ್ ದಾಳಿಯಾಗಿ ಕೋಟಿಗಟ್ಟಲೆ ನಗದು, ರಾಶಿ ರಾಶಿ ಬಾಂಡ್ ಸಿಕ್ಕಿದ್ದನ್ನು ಓದುಗರು ಮರೆತಿಲ್ಲ.

ಅಷ್ಟು ಬಾಂಡ್ ಒಂದು ದಿನದಾಗ ಬರದಿದ್ದಲ್ಲ. ಕಾನೂನು ಹೊಸದೂ ಅಲ್ಲ. ಕರ್ನಾಟಕದಲ್ಲಿ ಲೇವಾದೇವಿಗಾರರ ಕಾಯ್ದೆ 1961ರಿಂದ ಇದೆ, ದುಬಾರಿ ಬಡ್ಡಿ ನಿಷೇಧ ಕಾಯ್ದೆ 2004ರಿಂದ ಇದೆ. ಲೈಸೆನ್ಸ್ ಇದ್ದವರೂ ಒತ್ತೆ ಇಟ್ಟ ಸಾಲಕ್ಕೆ ವರ್ಷಕ್ಕೆ ಶೇ 14, ಒತ್ತೆ ಇಲ್ಲದ್ದಕ್ಕೆ ಶೇ 16ಕ್ಕಿಂತ ಹೆಚ್ಚು ಬಡ್ಡಿ ತೆಗೆದುಕೊಳ್ಳುವಂತಿಲ್ಲ. ಪ್ಯಾಟಿಯೊಳಗ ನಡೆಯೋದು ನೂರಕ್ಕೆ ತಿಂಗಳಿಗೆ 5 ರೂಪಾಯಿ, ಕೆಲವು ಕಡೆ 10. ನೂರಕ್ಕೆ 5 ಅಂದ್ರ ವರ್ಷಕ್ಕೆ ಶೇ 60 ಆತು. ದೀಪಾವಳಿಗೆ ಮಾಲು ತುಂಬಲು 1 ಲಕ್ಷ ಕೈಸಾಲ ತಂದ ಅಂಗಡಿಯವರು ತಿಂಗಳಿಗೆ 5 ಸಾವಿರ ಬಡ್ಡಿಗೇ ಎತ್ತಿಡಬೇಕು. ಅಸಲು ಇದ್ದಲ್ಲೇ ಇರತೈತಿ. ಹಳ್ಳಿಯ ಗಿರಾಕಿಗೆ ಕೊಟ್ಟ ಉದ್ರಿ ಸುಗ್ಗಿ ತನಕ ಬರಂಗಿಲ್ಲ.

ಇಲ್ಲಿ ಎರಡು ಮಾತು ಕೇಳಿಬರುತ್ತವೆ. ಒಂದು, 'ಸಾಲ ಮಾಡಂತ ಯಾರು ಹೇಳಿದ್ರು, ತಗೊಂಡವರು ಕಟ್ಟಲಿ'. ಇನ್ನೊಂದು, 'ಎಲ್ಲಾ ಸರ್ಕಾರ ಮನ್ನಾ ಮಾಡಲಿ'. ಎರಡೂ ಅರ್ಧ ಮಾತು ಅನಸತೈತಿ. ಹಂಗ್ಯಾಕ ಅನ್ನೋದಕ್ಕೆ ನಮ್ಮದೇ ಗದಗ ತಾಲ್ಲೂಕಿನ ಕಣಗಿನಹಾಳದ ಕಡೆ ನೋಡಬೇಕು.

1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಅಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ದೇಶದ ಮೊದಲ ಕೃಷಿ ಪತ್ತಿನ ಸಂಘ ಎಂದು ಹೆಸರಾದದ್ದು ಅದೇ. ಹಿಂದಿನ ವರ್ಷ, 1904ರಲ್ಲಿ, ಬ್ರಿಟಿಷ್ ಸರ್ಕಾರ ಸಹಕಾರ ಪತ್ತಿನ ಸಂಘಗಳ ಕಾಯ್ದೆ ತಂದಿತ್ತು. ಆ ಕಾಯ್ದೆಯಲ್ಲಿ ಹಳ್ಳಿ ಸಂಘದ ಸದಸ್ಯರ ಹೊಣೆಗೆ ಮಿತಿ ಇರಲಿಲ್ಲ. ಒಬ್ಬ ಕಟ್ಟದಿದ್ದರೆ ಸಂಘದ ಸಾಲಕ್ಕೆ ಉಳಿದವರ ಹೊಲ-ಮನಿನೂ ಜವಾಬು. ಹಂಗಾಗಿ ಯಾರಿಗೆ ಎಷ್ಟು ಕೊಡಬೇಕು, ಆತ ಅದನ್ನ ಎತ್ತಿಗೆ ಹಾಕಿದ್ನೋ ಮದುವಿಗೆ ಹಾಕಿದ್ನೋ ಅಂತ ಊರವರೇ ಕಣ್ಣಿಡಬೇಕಾಗಿತ್ತು. ಸರ್ಕಾರ ಮಾಡಬೇಕಿದ್ದ ಕೆಲಸ ಸಂಘವನ್ನು ನೋಂದಾಯಿಸುವುದು, ವರ್ಷಕ್ಕೊಮ್ಮೆ ಲೆಕ್ಕ ತಪಾಸಣೆ ಮಾಡುವುದು. ಸದ್ದಿಲ್ಲದ ಕೆಲಸ, ಆದರೆ ಪ್ರತಿ ವರ್ಷ ತಪ್ಪದೇ ಆಗಬೇಕಾದ ಕೆಲಸ.

ಇವತ್ತಿನ ಫೈನಾನ್ಸ್ ಗುಂಪಿನಲ್ಲೂ ಒಬ್ಬರಿಗೊಬ್ಬರು ಜಾಮೀನು. ನೋಡಲು ಅದೇ ಪದ್ಧತಿ. ಆದರೆ ಕಣಗಿನಹಾಳದಲ್ಲಿ ಸಂಘ ಸದಸ್ಯರದ್ದಾಗಿತ್ತು, ಬಡ್ಡಿ ಎಷ್ಟು ಅಂತ ಅವರೇ ಕೂತು ಮಾತಾಡಬಹುದಿತ್ತು. ಈ ಗುಂಪಿನ ಹೆಣ್ಣುಮಕ್ಕಳಿಗೆ ಹೊಣೆ ಮಾತ್ರ ಬಂದಿದೆ, ಅಧಿಕಾರ ಬಂದಿಲ್ಲ. ಪಕ್ಕದ ಮನಿಯಾಕಿ ಇನ್ನೂ ಎಷ್ಟು ಕಡೆ ಸಾಲ ಮಾಡ್ಯಾಳ ಅನ್ನೋದೂ ಇವರಿಗೆ ಗೊತ್ತಿರಂಗಿಲ್ಲ. ಗೊತ್ತಿರಬೇಕಾದವರು ಕೊಟ್ಟ ಕಂಪನಿಯವರು. ರಿಸರ್ವ್ ಬ್ಯಾಂಕಿನ 2022ರ ನಿಯಮದ ಪ್ರಕಾರ ಒಂದು ಕುಟುಂಬದ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು. ಮನಿಗೆ ತಿಂಗಳಿಗೆ 15 ಸಾವಿರ ಬರತಿದ್ದರೆ ಕಂತು ಏಳೂವರೆ ಸಾವಿರದೊಳಗ. ಆದಾಯ ಎಷ್ಟು ಅಂತ ಖರೇನೇ ಕೇಳಿ ಬರೆದುಕೊಂಡವರು ಎಷ್ಟು ಮಂದಿ ಅಂತ ನಿಮ್ಮ ಮನಿಯೊಳಗೇ ಕೇಳಿ ನೋಡ್ರಿ.

ಹಂಗಂತ ತಗೊಂಡವರ ತಪ್ಪಿಲ್ಲ ಅನ್ನೋದಲ್ಲ. ಒಂದು ಸಾಲ ತೀರಿಸಲು ಇನ್ನೊಂದು ಮಾಡಿದ್ದು, ಬೇರೆಯವರಿಗಾಗಿ ತಮ್ಮ ಹೆಸರಲ್ಲಿ ಎತ್ತಿಕೊಟ್ಟಿದ್ದು, ಓದದೆ ಸಹಿ ಮಾಡಿದ್ದು, ಇದೆಲ್ಲ ನಮ್ಮ ಓಣಿಯಲ್ಲೇ ನಡೆದದ್ದು. ಮನ್ನಾ ವಿಷಯವೂ ಅಷ್ಟೇ. 2018ರಲ್ಲಿ ಸಹಕಾರ ಸಂಘದ 1 ಲಕ್ಷದವರೆಗಿನ ಬೆಳೆಸಾಲ ಮನ್ನಾ ಆದಾಗ, ವಾಯಿದೆಗೆ ಸರಿಯಾಗಿ ಕಟ್ಟಿದವರು 'ನಾವಽ ಹುಚ್ಚರಾದ್ವಿ' ಅಂದದ್ದು ಸುಳ್ಳಲ್ಲ. ನನ್ನ ಲೆಕ್ಕದಾಗ ಅದಕ್ಕಿಂತ ಶೂನ್ಯ ಬಡ್ಡಿ ಸಾಲ ಚಲೋ. ಈಗ ಅದರ ಮಿತಿ 5 ಲಕ್ಷ. ಹೊತ್ತಿಗೆ ಸರಿಯಾಗಿ ಕಟ್ಟಿದವರಿಗೇ ಅದರ ಲಾಭ.

ಆದರೆ ಹೊತ್ತಿಗೆ ಕಟ್ಟಬೇಕಂದ್ರ ಹೊತ್ತಿಗೆ ರೊಕ್ಕ ಬರಬೇಕಲ್ಲ? 2025-26ಕ್ಕೆ ಗೋವಿನಜೋಳದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ. ಪ್ಯಾಟ್ಯಾಗ ನೂರಾರು ರೂಪಾಯಿ ಕಡಿಮೆಗೆ ಕೇಳಿದರು. ಖರೀದಿ ಕೇಂದ್ರ ತೆರೀರಿ ಅಂತ ಲಕ್ಷ್ಮೇಶ್ವರದಾಗ ರೈತರು ನವೆಂಬರ್‌ನಲ್ಲಿ ಧರಣಿ ಕೂಡಬೇಕಾಯಿತು. ಕೇಂದ್ರ ತೆರೆಯೋದು ರೈತನ ಕೈಯಾಗಿಲ್ಲ. ಅದು ತಡವಾದಷ್ಟು ದಿನ ಆತ ಕೈಸಾಲದ ಬಾಗಿಲಿಗೆ ಹೋಗತಾನ, ಆತ ಹೋದ ಹಿಂದ ಅಂಗಡಿಯ ಉದ್ರಿ ವಹಿನೂ ಉದ್ದ ಆಗತೈತಿ.

ಹೊಸ ಕಾನೂನಿನ ಬಗ್ಗೆ ಒಂದು ತಪ್ಪು ಕಲ್ಪನೆ ಹಳ್ಳಿಗಳಲ್ಲಿ ಓಡಾಡುತ್ತಿದೆ. ಎಲ್ಲ ಸಂಘದ ಸಾಲ ಮನ್ನಾ ಆಗಿಲ್ಲ. ನೋಂದಣಿ, ಲೈಸೆನ್ಸ್ ಇಲ್ಲದವರು ದುರ್ಬಲ ವರ್ಗದವರಿಗೆ ಕೊಟ್ಟ ಸಾಲಕ್ಕೆ ಮಾತ್ರ ಆ ಮಾತು. ರಿಸರ್ವ್ ಬ್ಯಾಂಕ್ ನೋಂದಣಿ ಇರುವ ಕಂಪನಿ, ಬ್ಯಾಂಕಿನ ಸಾಲ ಕಟ್ಟಲೇಬೇಕು. ಆದರೆ ಮನಿ ಮುಂದ ನಿಂತು ಬೈಯುವ, ಗೋಡೆ ಮೇಲೆ ಬರೆಯುವ, ಸಾಮಾನು ಹೊರಗೆ ಹಾಕುವ ಹಕ್ಕು ಯಾರಿಗೂ ಇಲ್ಲ. ಕೈಸಾಲ ತರುವವರು ಖಾಲಿ ಚೆಕ್, ಖಾಲಿ ಬಾಂಡ್ ಮೇಲೆ ಸಹಿ ಮಾಡಬ್ಯಾಡ್ರಿ. ಕಟ್ಟಿದ ಪ್ರತಿ ಕಂತಿಗೂ ಪಾವತಿ ಕೇಳ್ರಿ. ಕೊಡಲ್ಲ ಅಂದ್ರ ಫೋನ್‌ಪೇ ಮೂಲಕವೇ ಕೊಡ್ರಿ, ದಾಖಲೆ ಉಳಿಯತೈತಿ.

ಜಿಲ್ಲಾಡಳಿತ ಮಾಡಬಹುದಾದ ಸಣ್ಣ ಕೆಲಸ ಒಂದೈತಿ. ಜಿಲ್ಲೆಯಲ್ಲಿ ಸಾಲ ಕೊಡಲು ಲೈಸೆನ್ಸ್, ನೋಂದಣಿ ಇರುವವರ ಪಟ್ಟಿ ಮತ್ತು ಅವರ ಬಡ್ಡಿ ದರವನ್ನು ಪ್ರತಿ ಗ್ರಾಮ ಪಂಚಾಯ್ತಿಯ ಗೋಡೆಗೆ, ಗದಗ, ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಎಪಿಎಂಸಿ ಗೇಟಿಗೆ ಹಚ್ಚಲಿ. ಮುಂದಿನ ಗ್ರಾಮಸಭೆಯಲ್ಲಿ ಕಳಸಾಪುರದವರು ಮೊದಲು ಕೇಳಬಹುದಾದ ಪ್ರಶ್ನೆ ಇದೇ: ಆ ಪಟ್ಟಿ ಎಲ್ಲೈತಿ?