ವೇಗ ನಮ್ಮದು, ಹೊಣೆ ಮಾತ್ರ ವಿಧಿಯದೇ?

ಹೆದ್ದಾರಿಯಲ್ಲಿ ಕಾರು ಉರುಳಿ ಇಡೀ ಕುಟುಂಬವೇ ಬಲಿಯಾದ ಸುದ್ದಿ ಬಂದಾಗ ನಾವು ಆಡುವ ಒಂದು ಮಾತಿದೆ: 'ಅವರ ಆಯುಷ್ಯ ಅಷ್ಟೇ ಇತ್ತು.' ಮರಣದ ಗಳಿಗೆ ಅಲ್ಲಾಹನ ನಿರ್ಣಯವೆಂಬುದು ನಮ್ಮ ವಿಶ್ವಾಸ, ಅದರಲ್ಲಿ ಸಂಶಯವಿಲ್ಲ. ಆದರೆ ವೇಗವನ್ನು ನೂರನಲವತ್ತಕ್ಕೆ ಏರಿಸಿದ್ದು ಯಾರ ಕಾಲು? ಈ ಪ್ರಶ್ನೆಯನ್ನು ಮುಚ್ಚಿಹಾಕಲು ವಿಧಿಯನ್ನು ಮುಂದೊಡ್ಡುವುದು ವಿಶ್ವಾಸವಲ್ಲ, ನುಣುಚಿಕೊಳ್ಳುವ ಉಪಾಯ.

2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯನ್ನೇ ತೆಗೆದುಕೊಳ್ಳೋಣ. ಉದ್ದ ಸುಮಾರು 118 ಕಿಲೋಮೀಟರ್. ಕಾರುಗಳಿಗೆ ಗಂಟೆಗೆ 100 ಕಿ.ಮೀ. ಮಿತಿ. ಆ ಮಿತಿಯಲ್ಲಿ ಸಾಗಿದರೆ 71 ನಿಮಿಷ, 120ರಲ್ಲಿ ಓಡಿಸಿದರೆ 59 ನಿಮಿಷ. ಉಳಿಯುವುದು ಕೇವಲ 12 ನಿಮಿಷ. ಮದುವೆ ಮಂಟಪದಲ್ಲಿ ಬಿರಿಯಾನಿಗಾಗಿ ಇದರ ನಾಲ್ಕು ಪಟ್ಟು ಹೊತ್ತು ಕಾಯುವವರೂ ನಾವೇ!

ಈ 12 ನಿಮಿಷಕ್ಕೆ ತೆರುವ ಬೆಲೆಯನ್ನೂ ನೋಡಬೇಕು. 100ರಿಂದ 120ಕ್ಕೆ ವೇಗ ಏರುವುದು ಐದರಲ್ಲೊಂದು ಪಾಲು ಮಾತ್ರ. ಅಪ್ಪಳಿಸುವ ಶಕ್ತಿಯಾದರೋ ಶೇಕಡಾ 44ರಷ್ಟು ಹೆಚ್ಚುತ್ತದೆ. ಬ್ರೇಕ್ ಒತ್ತಿದ ಮೇಲೆ ಕಾರು ನಿಲ್ಲಲು ಬೇಕಾದ ದೂರವೂ ಅಷ್ಟೇ ಪ್ರಮಾಣದಲ್ಲಿ ಬೆಳೆಯುತ್ತದೆ. ಹಿಂದಿನ ಸೀಟಿನಲ್ಲಿ ಅಳುವ ಮಗುವಿನತ್ತ ಎರಡು ಸೆಕೆಂಡು ತಿರುಗಿದರೆ ಆ ವೇಗದಲ್ಲಿ ಕಾರು 66 ಮೀಟರ್ ದೂರವನ್ನು ಕುರುಡಾಗಿ ಓಡಿರುತ್ತದೆ.

'ಗಾಡಿ ಗಟ್ಟಿಯಾಗಿದೆ, ಏರ್‌ಬ್ಯಾಗ್ ಇದೆ' ಎನ್ನುವವರಿದ್ದಾರೆ. 2022ರ ಸೆಪ್ಟೆಂಬರ್‌ನಲ್ಲಿ ಮಹಾರಾಷ್ಟ್ರದ ಪಾಲ್ಘರ್ ಬಳಿ ಉದ್ಯಮಿ ಸೈರಸ್ ಮಿಸ್ತ್ರಿ ಅಸುನೀಗಿದ್ದು ಅತ್ಯಂತ ದುಬಾರಿ ಕಾರಿನಲ್ಲಿ. ಹಿಂದಿನ ಸೀಟಿನಲ್ಲಿ ಬೆಲ್ಟ್ ಧರಿಸದೆ ಕುಳಿತಿದ್ದ ಇಬ್ಬರೂ ಮೃತಪಟ್ಟರು, ಮುಂದೆ ಕುಳಿತಿದ್ದ ಇಬ್ಬರು ಬದುಕುಳಿದರು. ನಮ್ಮ ಮನೆಗಳಲ್ಲಿ ಆ ಹಿಂದಿನ ಸೀಟು ಯಾರದು? ಅಮ್ಮನದು, ಮಡದಿಯದು, ಆಕೆಯ ಮಡಿಲಲ್ಲಿರುವ ಕೂಸಿನದು. ಡಿಕ್ಕಿಯ ಕ್ಷಣದಲ್ಲಿ ಯಾವ ತಾಯಿಯ ತೋಳಿಗೂ ಮಗುವನ್ನು ಹಿಡಿದಿಡುವ ಬಲವಿರುವುದಿಲ್ಲ. 'ಸ್ವಲ್ಪ ನಿಧಾನ' ಎಂದು ಅವರು ಹೇಳಿದರೆ 'ನೀನು ಸುಮ್ಮನಿರು' ಎಂಬುದೇ ಉತ್ತರ!

ಅಂಜಶಾ ಎಂಬವರು ಹಾಡುತ್ತಾ ಒಂಟೆಗಳನ್ನು ವೇಗವಾಗಿ ಓಡಿಸುತ್ತಿದ್ದಾಗ, ಅವುಗಳ ಮೇಲಿದ್ದ ಸ್ತ್ರೀಯರನ್ನು ಗಾಜಿನ ಪಾತ್ರೆಗಳಿಗೆ ಹೋಲಿಸಿ ನಿಧಾನಿಸುವಂತೆ ಪ್ರವಾದಿ(ಸ)ರು ಸೂಚಿಸಿದ್ದು ಹದೀಸ್‌ಗಳಲ್ಲಿದೆ. ಅರಫಾದಿಂದ ಮರಳುವಾಗ ಒಂಟೆಗಳನ್ನು ಹೊಡೆದು ಅಟ್ಟುತ್ತಿದ್ದ ಜನರಿಗೆ, ಧಾವಂತದಲ್ಲಿ ಪುಣ್ಯವಿಲ್ಲವೆಂದು ಅವರು ತಿಳಿಹೇಳಿದರು. ದಾರಿ ತೆರವಾದಾಗ ಅವರು ಒಂಟೆಯನ್ನು ಚುರುಕುಗೊಳಿಸಿದ ವರದಿಯೂ ಇದೆ. ಆದ್ದರಿಂದ ವೇಗವೇ ನಿಷಿದ್ಧವೆಂದು ನಾವು ವಾದಿಸುತ್ತಿಲ್ಲ. ಆದರೆ ನೂರರ ಮಿತಿಯೇ ತೆರವಾದ ದಾರಿಗೆ ಕೊಟ್ಟ ವೇಗ, ಅದರಾಚೆಗಿನದು ಅಹಂಕಾರ.

ಮಿತಿಯೆಂಬುದು ಸರಕಾರದ ಕಾನೂನು, ದೀನ್‌ಗೂ ಅದಕ್ಕೂ ಏನು ಸಂಬಂಧವೆಂದು ಕೆಲವರು ಕೇಳುತ್ತಾರೆ. ಶರೀಅತ್‌ಗೆ ವಿರುದ್ಧವಲ್ಲದ ಸಂಚಾರ ನಿಯಮಗಳ ಪಾಲನೆ ಧಾರ್ಮಿಕವಾಗಿಯೂ ಕಡ್ಡಾಯವೆಂದು ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿಯು 1993ರಲ್ಲಿ ಬ್ರೂನೈಯಲ್ಲಿ ಸೇರಿದ ಅಧಿವೇಶನದಲ್ಲೇ ನಿರ್ಣಯಿಸಿದೆ. ಕ್ಯಾಮೆರಾ ಕಂಡಲ್ಲಿ ಬ್ರೇಕ್ ಒತ್ತಿ, ಅದು ದಾಟಿದೊಡನೆ ಮತ್ತೆ ವೇಗ ಏರಿಸುವವನು ದಂಡಕ್ಕೆ ಅಂಜುತ್ತಾನೆಯೇ ಹೊರತು, ಸದಾ ನೋಡುತ್ತಿರುವವನಿಗಲ್ಲ.

ಇನ್ನೊಂದು ವಿಷಯವನ್ನು ನಮ್ಮ ಮಿಂಬರ್‌ಗಳಿಂದ ಕೇಳುವುದು ಅಪರೂಪ. ಪ್ರಮಾದದಿಂದಾದ ಹತ್ಯೆಗೂ ಕುರ್‌ಆನ್‌ನ ಅನ್ನಿಸಾ ಅಧ್ಯಾಯದಲ್ಲಿ ಪರಿಹಾರಧನ ಮತ್ತು ಪ್ರಾಯಶ್ಚಿತ್ತದ ವಿಧಿಯಿದೆ. ಗುಲಾಮ ವಿಮೋಚನೆ ಸಾಧ್ಯವಿಲ್ಲದ ಈ ಕಾಲದಲ್ಲಿ ಪ್ರಾಯಶ್ಚಿತ್ತವೆಂದರೆ ಸತತ ಎರಡು ತಿಂಗಳ ಉಪವಾಸ. ತಪ್ಪು ಚಾಲಕನದಾಗಿದ್ದರೆ, ಸತ್ತವರು ಸ್ವಂತ ಮಡದಿ ಮಕ್ಕಳೇ ಆಗಿದ್ದರೂ ಈ ಪ್ರಾಯಶ್ಚಿತ್ತ ತಪ್ಪದೆಂದು ಅನೇಕ ಉಲಮಾಗಳು ಹೇಳುತ್ತಾರೆ. ಅಪಘಾತವಾದ ವಾರದೊಳಗೆ ವಿಮೆಯ ಕಾಗದಪತ್ರ ಹಿಡಿದು ಓಡಾಡುವ ನಮ್ಮವರಲ್ಲಿ, ಆ ಅರುವತ್ತು ಉಪವಾಸಗಳ ಬಗ್ಗೆ ಖತೀಬರಲ್ಲಿ ವಿಚಾರಿಸಿದವರು ಎಷ್ಟು ಮಂದಿ?