ಸೈರನ್ ಕೂಗಿದರೆ ಸಾಲದು, ಬ್ರೇಕೂ ಹಿಡಿಯಬೇಕು

ತಾಲ್ಲೂಕು ಆಸ್ಪತ್ರೆಗೆ ಹೊಸ ಆಂಬುಲೆನ್ಸ್ ಬಂದರೆ ಅದಕ್ಕೆ ಹೂವಿನ ಹಾರ ಬೀಳುತ್ತದೆ, ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತಾರೆ, ಶಾಸಕರು ಹಸಿರು ಬಾವುಟ ತೋರಿಸುತ್ತಾರೆ, ಮಾರನೇ ದಿನ ಪತ್ರಿಕೆಯಲ್ಲಿ ಫೋಟೊ ಬರುತ್ತದೆ. ಠಾಣೆಗೆ ಹೊಸ ಜೀಪು ಬಂದರೂ ಹೀಗೇ. ಅದೇ ಗಾಡಿ ನಾಲ್ಕು ವರ್ಷ ಓಡಿದ ಮೇಲೆ ಹೇಗಿದೆ? ಬ್ರೇಕ್ ಆಯಿಲ್ ಯಾವಾಗ ಬದಲಾಯಿಸಿದರು? ಸ್ಟೆಪ್ನಿಯಲ್ಲಿ ಗಾಳಿ ಇದೆಯಾ? ಒಳಗಿನ ಆಕ್ಸಿಜನ್ ಸಿಲಿಂಡರಿನ ಮೀಟರ್ ಮುಳ್ಳು ಎಲ್ಲಿ ನಿಂತಿದೆ? ಇದರ ಫೋಟೊ ಯಾರೂ ತೆಗೆಯುವುದಿಲ್ಲ.

ನಮ್ಮ ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ಮಟ್ಟಿಗೆ ನಾವು ಹೇಳಬೇಕೆಂದಿರುವುದು ಒಂದೇ ಮಾತು. ಎಷ್ಟು ವಾಹನ ಇವೆ ಎಂಬ ಲೆಕ್ಕದ ಜೊತೆಗೆ, ಇವತ್ತು ಎಷ್ಟು ವಾಹನ ಪೂರ್ತಿ ಸಜ್ಜಾಗಿವೆ ಎಂಬ ಲೆಕ್ಕವನ್ನೂ ಜನರ ಮುಂದೆ ಇಡಬೇಕು. ಪೊಲೀಸ್ ಜೀಪು, 112 ವಾಹನ, 108 ಆಂಬುಲೆನ್ಸ್, ಅಗ್ನಿಶಾಮಕ ವಾಹನ, ಎಲ್ಲಕ್ಕೂ ಇದು ಅನ್ವಯಿಸಬೇಕು.

ನಮ್ಮ ದಾರಿ ಬೇರೆ ಥರದ ದಾರಿ

ಬೆಂಗಳೂರಿನಲ್ಲಿ ಒಂದು ಆಂಬುಲೆನ್ಸ್ ಕೆಟ್ಟು ನಿಂತರೆ ಇನ್ನೊಂದು ಬರುವ ಸಾಧ್ಯತೆ ಇದೆ. ಮಲೆ ಮಹದೇಶ್ವರ ಬೆಟ್ಟದ ತಿರುವಿನಲ್ಲಿ ಕೆಟ್ಟು ನಿಂತರೆ ಏನು ಗತಿ? ಬೆಟ್ಟದಿಂದ ಕೊಳ್ಳೇಗಾಲಕ್ಕೆ ಸುಮಾರು 75 ಕಿ.ಮೀ. ಅಲ್ಲಿಂದ ಮೈಸೂರಿಗೆ ಇನ್ನೂ ಅರವತ್ತು ಚಿಲ್ಲರೆ. ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗುವ ರಸ್ತೆಯೂ ಕಾಡು, ಏರು, ತಿರುವು. ರಾತ್ರಿ ಆನೆ ಅಡ್ಡ ನಿಂತರೆ ಹಿಂದಕ್ಕೂ ಬರಬೇಕು, ಮುಂದಕ್ಕೂ ಹೋಗಬೇಕು. ಮೊಬೈಲ್ ಸಿಗ್ನಲ್ ಎಲ್ಲಾ ಕಡೆ ಸಿಗದು.

ಬೆಟ್ಟದ ಸುತ್ತಲಿನ ಇಂಡಿಗನತ್ತ, ಮೆಂದಾರೆ, ತುಳಸಿಕೆರೆ, ಪಡಸಲನತ್ತದಂಥ ಊರುಗಳ ಪಾಡು ನಮ್ಮ ಓದುಗರಿಗೆ ಗೊತ್ತಿರುವುದೇ. ರಸ್ತೆ, ನೀರು, ವಿದ್ಯುತ್ ಇಲ್ಲವೆಂಬ ಸಿಟ್ಟು ಇಂಡಿಗನತ್ತದಲ್ಲಿ 2024ರ ಏಪ್ರಿಲ್ 26ರಂದು ಮತಗಟ್ಟೆಯ ಮೇಲೆ ತಿರುಗಿ, ಮೂರು ದಿನ ಬಿಟ್ಟು ಮರುಮತದಾನ ಆಯಿತು. ಇಂಥ ಊರುಗಳಿಂದ ಬಸುರಿ ಬಾಣಂತಿಯರನ್ನು ಡೋಲಿ ಕಟ್ಟಿ ಹೊತ್ತು ತಂದ ಸುದ್ದಿಗಳು ಮತ್ತೆ ಮತ್ತೆ ಬಂದಿವೆ. ಕಾಡಿನಲ್ಲಿ ಗಂಟೆಗಟ್ಟಲೆ ಹೊತ್ತು ತಂದು ರಸ್ತೆಗೆ ಮುಟ್ಟಿಸಿದ ಮೇಲೆ ಅಲ್ಲಿ ಸಿಗುವ ಗಾಡಿಯಾದರೂ ಗಟ್ಟಿಯಾಗಿರಬೇಕಲ್ಲವೇ?

ಸುಳ್ವಾಡಿ ಏನು ಹೇಳಿಕೊಟ್ಟಿತು

2018ರ ಡಿಸೆಂಬರ್ 14. ಹನೂರು ತಾಲ್ಲೂಕಿನ ಸುಳ್ವಾಡಿಯ ಕಿಚ್ಚುಗುತ್ತಿ ಮಾರಮ್ಮನ ದೇವಸ್ಥಾನದಲ್ಲಿ ವಿಷ ಬೆರೆಸಿದ ಪ್ರಸಾದ ತಿಂದು ನೂರಕ್ಕೂ ಹೆಚ್ಚು ಜನ ಅಸ್ವಸ್ಥರಾದರು, 17 ಜನ ತೀರಿಕೊಂಡರು. ಕಾಮಗೆರೆ, ಕೊಳ್ಳೇಗಾಲದ ಆಸ್ಪತ್ರೆಗಳಿಗೆ ಮೊದಲು ತಂದು, ಆಮೇಲೆ ಆಂಬುಲೆನ್ಸುಗಳಲ್ಲಿ ಮೈಸೂರಿಗೆ ಸಾಗಿಸಿದರು. ಊರಿನಿಂದ ಮೈಸೂರಿಗೆ ನೂರು ಕಿಲೋಮೀಟರಿಗೂ ಹೆಚ್ಚು ದೂರ.

ಪ್ರಸಾದಕ್ಕೆ ಬೆರೆಸಿದ್ದು ಬೆಳೆಗೆ ಹೊಡೆಯುವ ಕೀಟನಾಶಕ. ಆ ಜಾತಿಯ ವಿಷ ಒಳಗೆ ಹೋದವರಿಗೆ ಬಾಯಲ್ಲಿ ಜೊಲ್ಲು, ಎದೆಯಲ್ಲಿ ಕಫ ಉಕ್ಕಿ ಉಸಿರು ಕಟ್ಟುತ್ತದೆ. ಆಗ ಆಂಬುಲೆನ್ಸಿನ ಒಳಗೆ ಮೊದಲು ಬೇಕಾಗುವುದು ಆ ಕಫ ಎಳೆಯುವ ಸಕ್ಷನ್ ಯಂತ್ರ, ಆಕ್ಸಿಜನ್, ಕೈಯಿಂದ ಒತ್ತಿ ಉಸಿರು ಕೊಡುವ ಚೀಲ. ಸಕ್ಷನ್ ಯಂತ್ರದ ಬ್ಯಾಟರಿ ಸತ್ತಿದ್ದರೆ, ಅದರ ಕೊಳವೆ ಒಡೆದಿದ್ದರೆ, ಎಷ್ಟು ಜೋರಾಗಿ ಓಡಿಸಿದರೂ ಒಳಗಿರುವ ಮನುಷ್ಯನಿಗೆ ಅದು ಸುಮ್ಮನೆ ಒಂದು ವ್ಯಾನು. ಸುಳ್ವಾಡಿಯಂಥ ದಿನ ಹೇಳಿ ಕೇಳಿ ಬರುವುದಿಲ್ಲ. ನಮ್ಮ ಊರುಗಳಲ್ಲಿ ಒಬ್ಬೊಬ್ಬರಾಗಿ ಕೀಟನಾಶಕ ಕುಡಿದವರನ್ನು ಸಾಗಿಸುವ ಕೆಲಸ ಯಾವತ್ತೂ ನಿಂತಿಲ್ಲ.

ಆಕ್ಸಿಜನ್ನಿನ ಲೆಕ್ಕವನ್ನೂ ಒಮ್ಮೆ ಹಾಕಿ ನೋಡಿ. ಸಣ್ಣ ‘ಬಿ’ ಮಾದರಿಯ ಸಿಲಿಂಡರಿನಲ್ಲಿ ತುಂಬಿದಾಗ ಸುಮಾರು 1,500 ಲೀಟರ್ ಇರುತ್ತದೆ. ರೋಗಿಗೆ ನಿಮಿಷಕ್ಕೆ 10 ಲೀಟರ್ ಕೊಟ್ಟರೆ ಎರಡೂವರೆ ಗಂಟೆ ಬರುತ್ತದೆ. ಅರ್ಧ ಖಾಲಿಯಾಗಿದ್ದರೆ ಒಂದೂಕಾಲು ಗಂಟೆ. ಕೊಳ್ಳೇಗಾಲ ಬಿಟ್ಟು ಮೈಸೂರಿನ ಆಸ್ಪತ್ರೆಯ ಬಾಗಿಲಿಗೆ ಹೋಗುವುದರೊಳಗೆ ಮುಗಿದರೂ ಮುಗಿಯಿತು. ಬೆಟ್ಟದಿಂದ ಹೊರಟರೆ ತುಂಬಿದ ಸಿಲಿಂಡರೂ ಸಾಲದು, ಎರಡನೆಯದು ಇರಲೇಬೇಕು. ಆಕ್ಸಿಜನ್ ಬರುತ್ತದೆ, ಬರುತ್ತದೆ ಎಂದು ಕಾಯುವುದೆಂದರೆ ಏನೆಂದು ನಮ್ಮ ಜಿಲ್ಲೆಗೆ ಯಾರೂ ಪಾಠ ಹೇಳಬೇಕಿಲ್ಲ. 2021ರ ಮೇ 2 ಮತ್ತು 3ರ ನಡುವೆ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ 24 ಗಂಟೆಯೊಳಗೆ 24 ರೋಗಿಗಳು ಸತ್ತರು.

ಪೊಲೀಸ್ ಜೀಪಿನ ಕಥೆ

ಪೊಲೀಸರ ವಾಹನ ಕೆಟ್ಟರೆ ಕಳ್ಳ ತಪ್ಪಿಸಿಕೊಳ್ಳುತ್ತಾನೆ, ಅಷ್ಟೇ ತಾನೆ ಎನ್ನುವವರಿದ್ದಾರೆ. ಮೊದಲು ಅಪಾಯಕ್ಕೆ ಬೀಳುವುದು ಒಳಗೆ ಕೂತ ಪೇದೆ ಮತ್ತು ಡ್ರೈವರ್. ವೀರಪ್ಪನ್ ಕಾಲದ ಪಾಲಾರ್ ಸ್ಫೋಟ ನಮ್ಮ ಕಡೆಯ ಹಿರಿಯರಿಗೆ ನೆನಪಿದೆ. 1993ರ ಏಪ್ರಿಲ್ 9ರಂದು ನೆಲಬಾಂಬಿಗೆ 22 ಜನ ಬಲಿಯಾದರು. ಆ ದಿನ ಕಾರ್ಯಾಚರಣೆಗೆ ಹೊರಟ ತಂಡದ ಜೀಪು ಪಾಲಾರ್ ಸೇತುವೆಯ ಬಳಿ ಕೆಟ್ಟು ನಿಂತು, ತಂಡ ಬಸ್ಸುಗಳಲ್ಲಿ ಮುಂದೆ ಹೋಗಬೇಕಾಯಿತು ಎಂಬುದು ದಾಖಲಾಗಿರುವ ಸಂಗತಿ. ಜೀಪು ಸರಿಯಿದ್ದಿದ್ದರೆ ಸಾವು ತಪ್ಪುತ್ತಿತ್ತು ಎಂದು ಹೇಳಲು ಬರುವುದಿಲ್ಲ, ಬಾಂಬು ಯಾರನ್ನೂ ಬಿಡುವುದಿಲ್ಲ. ಆದರೆ ಅಂಥ ಕಾಡಿನ ದಾರಿಯಲ್ಲಿ, ಅಂಥ ದಿನದಲ್ಲಿ, ಯಾವ ಗಾಡಿಯಲ್ಲಿ ಹೋಗಬೇಕೆಂಬುದನ್ನು ಕೆಟ್ಟ ಎಂಜಿನ್ ತೀರ್ಮಾನಿಸುವ ಹಾಗೆ ಆಗಬಾರದಿತ್ತು.

ಈಗ ವೀರಪ್ಪನ್ ಇಲ್ಲ. ಬೆಟ್ಟದ ಇಳಿಜಾರು ಹಾಗೇ ಇದೆ. ಶಿವರಾತ್ರಿ, ಯುಗಾದಿ, ದೀಪಾವಳಿ ಜಾತ್ರೆಗಳಿಗೆ ಬೆಟ್ಟಕ್ಕೆ, ಜನವರಿಯಲ್ಲಿ ಚಿಕ್ಕಲ್ಲೂರಿಗೆ ಬಂದೋಬಸ್ತಿನ ಗಾಡಿಗಳು ಸಾಲುಗಟ್ಟುತ್ತವೆ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುವ ಗುಣದ್ದು. ಹಳೆಯದಾದ ಆಯಿಲ್ ಉದ್ದದ ಇಳಿಜಾರಿನಲ್ಲಿ ಬಿಸಿಯಾಗಿ ಕುದಿದರೆ ಪೈಪಿನೊಳಗೆ ಆವಿ ತುಂಬಿ ಪೆಡಲ್ ಸುಮ್ಮನೆ ಒಳಗೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಅದಕ್ಕೇ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಾಯಿಸಿ ಎನ್ನುತ್ತಾರೆ. ಬಯಲಿನಲ್ಲಿ ಓಡುವ ಜೀಪಿಗೆ ಇದು ಸಣ್ಣ ವಿಷಯ. ಮಹದೇಶ್ವರ ಬೆಟ್ಟ ಠಾಣೆಯ ಜೀಪಿಗೆ ಪ್ರಾಣದ ವಿಷಯ.

ಇನ್ನೊಂದು ವಿಚಾರ. ಸರ್ವಿಸ್ ಮಾಡಿಸುವಾಗ ನಾವೆಲ್ಲ ಎಷ್ಟು ಕಿ.ಮೀ. ಓಡಿದೆ ಎಂದು ನೋಡುತ್ತೇವೆ. ತುರ್ತು ವಾಹನಕ್ಕೆ ಆ ಲೆಕ್ಕ ಸಾಲದು. ಗಸ್ತಿನ ಜೀಪು ನಿಂತಲ್ಲೇ ಎಂಜಿನ್ ಚಾಲೂ ಇಟ್ಟುಕೊಂಡು ದೀಪ, ವೈರ್‌ಲೆಸ್ ಉರಿಸುತ್ತದೆ. ಅಗ್ನಿಶಾಮಕ ವಾಹನ ಠಾಣೆಯಲ್ಲಿ ನಿಂತಾಗಲೂ ತೊಟ್ಟಿ ತುಂಬ ನೀರು ಹೊತ್ತೇ ನಿಂತಿರುತ್ತದೆ. ಟೈರು, ಪ್ಲೇಟು ದಿನವಿಡೀ ಭಾರ ಹೊರುತ್ತವೆ. ಫೆಬ್ರವರಿ, ಮಾರ್ಚಿನಲ್ಲಿ ಕಾಡಿಗೆ ಬೆಂಕಿ ಬಿದ್ದಾಗ ಪಂಪು ನೀರು ಎಳೆಯಬೇಕಾದರೆ ಉಳಿದ ತಿಂಗಳುಗಳಲ್ಲೂ ಅದನ್ನು ಚಾಲೂ ಮಾಡಿ ನೋಡುತ್ತಿರಬೇಕು.

ಮೇಲೆ ಕೂರಿಸುವ ಸಾಮಾನಿನಿಂದಲೂ ಅಪಾಯ ಬರುತ್ತದೆ. ಅಮೆರಿಕದ ಟೆಕ್ಸಾಸಿನ ಆಸ್ಟಿನ್ ನಗರದ ಪೊಲೀಸರು 2017ರ ಜುಲೈನಲ್ಲಿ ಸುಮಾರು 400 ಗಸ್ತು ವಾಹನಗಳನ್ನು ಒಮ್ಮೆಗೇ ರಸ್ತೆಯಿಂದ ಹಿಂತೆಗೆದರು. ಒಳಗೆ ಕೂತ ಸಿಬ್ಬಂದಿಗೆ ಹೊಗೆಯ ವಿಷಾನಿಲ ಕಾರ್ಬನ್ ಮಾನಾಕ್ಸೈಡ್ ತಾಗುತ್ತಿತ್ತು. ದೀಪ, ವೈರು ಕೂರಿಸಲು ಕೊರೆದ ತೂತುಗಳನ್ನು ಸರಿಯಾಗಿ ಮುಚ್ಚದೇ ಇದ್ದದ್ದೂ ಕಾರಣ ಎಂದು ಫೋರ್ಡ್ ಕಂಪನಿ ಹೇಳಿತು. ನಮ್ಮ ಕಡೆ ಸೈರನ್, ಮೈಕು, ದೀಪದ ಪಟ್ಟಿ, ವೈರ್‌ಲೆಸ್ ಎಲ್ಲವನ್ನೂ ಗಾಡಿ ಕೊಂಡ ಮೇಲೆ ಕೂರಿಸುವುದುಂಟು. ಕೊರೆದ ತೂತು ಮುಚ್ಚಿದೆಯಾ, ಎಳೆದ ವೈರಿಗೆ ಫ್ಯೂಸ್ ಇದೆಯಾ, ಅಷ್ಟೂ ಸಾಮಾನಿಗೆ ಬ್ಯಾಟರಿ ತಡೆಯುತ್ತದೆಯಾ ಎಂದು ನೋಡಿ ಸಹಿ ಹಾಕುವ ಒಬ್ಬರು ಇರಬೇಕು.

ನಿಯಮ ಇದೆ, ಕಣ್ಣು ಬೇಕು

ನಿಯಮಗಳಿಗೆ ಕೊರತೆ ಇಲ್ಲ. ನಾಲ್ಕು ಚಕ್ರದ ವಾಹನದ ಟೈರಿನ ಗೀರು 1.6 ಮಿ.ಮೀ.ಗಿಂತ ಸವೆಯಬಾರದು. ಸರ್ಕಾರಿ ವಾಹನಗಳಿಗೆ 15 ವರ್ಷ ತುಂಬಿದರೆ 2023ರ ಏಪ್ರಿಲ್ 1ರಿಂದ ನೋಂದಣಿ ನವೀಕರಣ ಇಲ್ಲ, ರಕ್ಷಣೆ ಮತ್ತು ಕಾನೂನು ಸುವ್ಯವಸ್ಥೆಗೆ ಬಳಸುವ ಕವಚದ ವಾಹನದಂಥ ವಿಶೇಷ ವಾಹನಗಳಿಗೆ ಮಾತ್ರ ವಿನಾಯಿತಿ. ಆಂಬುಲೆನ್ಸ್ ಹೇಗಿರಬೇಕು ಎನ್ನುವುದಕ್ಕೆ ಎ.ಐ.ಎಸ್. 125 ಎಂಬ ಮಾನದಂಡವೇ ಇದೆ. ಆಂಬುಲೆನ್ಸಿಗೆ ದಾರಿ ಬಿಡದವರಿಗೆ 10,000 ರೂ. ದಂಡ ಹಾಕಲು 2019ರ ತಿದ್ದುಪಡಿಯಲ್ಲಿ ಅವಕಾಶ ಇದೆ. ದಾರಿ ಬಿಡದವನಿಗೆ ದಂಡ ಸರಿ. ಬಿಟ್ಟ ದಾರಿಯಲ್ಲಿ ಗಾಡಿಯನ್ನು ಸವೆದ ಟೈರಿನಲ್ಲಿ ಕಳಿಸಿದವರನ್ನು ಕೇಳುವವರು ಯಾರು?

ಎಫ್.ಸಿ. ಇದೆಯಲ್ಲ ಎನ್ನಬಹುದು. ಸಾರಿಗೆ ವಾಹನಕ್ಕೆ ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಎಫ್.ಸಿ. ಆಗಬೇಕು. ಅದು ನೋಡುವುದು ಗಾಡಿಯನ್ನು: ಬ್ರೇಕು, ಲೈಟು, ಹೊಗೆ. ಸ್ಟ್ರೆಚರ್ ಕೊಂಡಿ ಬಿಗಿ ಇದೆಯಾ, ಸಕ್ಷನ್ ಎಳೆಯುತ್ತದಾ ಎಂಬುದು ದಿನದಿನದ ವಿಷಯ. ವರ್ಷಕ್ಕೊಮ್ಮೆ ಸಿಗುವ ಕಾಗದ ಇವತ್ತು ಬೆಳಿಗ್ಗೆಯ ಸ್ಥಿತಿಯನ್ನು ಹೇಳುವುದಿಲ್ಲ.

ಡ್ರೈವರನ್ನು ಬೈದು ಕೈತೊಳೆಯುವುದೂ ನಮಗೆ ಒಪ್ಪಿಗೆ ಇಲ್ಲ. ಪೊಲೀಸ್ ವಾಹನಗಳನ್ನು ನೋಡಿಕೊಳ್ಳುವ ಜಿಲ್ಲಾ ಸಶಸ್ತ್ರ ಮೀಸಲು ಪಡೆಯ ಮೋಟಾರು ವಿಭಾಗ ಇರುವುದು ಜಿಲ್ಲಾ ಕೇಂದ್ರದಲ್ಲಿ. ಬೆಟ್ಟದಿಂದ ಚಾಮರಾಜನಗರ ನೂರು ಕಿ.ಮೀ.ಗೂ ಆಚೆ. ಬ್ರೇಕು ಸರಿಯಿಲ್ಲ ಎಂದು ಬರೆದುಕೊಟ್ಟರೆ ಅದೇ ಬ್ರೇಕಿನಲ್ಲಿ ಘಟ್ಟ ಇಳಿದು ಅಷ್ಟು ದೂರ ಹೋಗಬೇಕು, ಇತ್ತ ಠಾಣೆಗೆ ಗಾಡಿ ಇರುವುದಿಲ್ಲ. ಗುತ್ತಿಗೆಯಲ್ಲಿ ದುಡಿಯುವ ಆಂಬುಲೆನ್ಸ್ ಪೈಲಟ್ ತಕರಾರು ಬರೆಯಲು ಹೆದರಿದರೆ ಆಶ್ಚರ್ಯ ಇಲ್ಲ. ಬದಲಿ ಗಾಡಿ ಇಲ್ಲದ ಕಡೆ ಸತ್ಯ ಬರೆಯುವುದು ಕಷ್ಟ. ಹಾಗೆ ‘ನಡೆಯುತ್ತೆ ಬಿಡಿ’ ಎನ್ನುವ ಮಾತು ಹುಟ್ಟುತ್ತದೆ.

ನಾವು ಕೇಳುವುದು ನಾಲ್ಕೇ

ಒಂದು: ಪಾಳಿ ಬದಲಾಗುವಾಗ ಹತ್ತು ನಿಮಿಷದ ತಪಾಸಣೆ. ಟೈರು, ಸ್ಟೆಪ್ನಿ, ಬ್ರೇಕು, ದೀಪ, ಸೈರನ್, ವೈರ್‌ಲೆಸ್, ಬೆಂಕಿ ನಂದಿಸುವ ಸಿಲಿಂಡರು, ಆಂಬುಲೆನ್ಸ್ ಆದರೆ ಆಕ್ಸಿಜನ್ ಮತ್ತು ಸಕ್ಷನ್. ಕನ್ನಡದಲ್ಲಿ ಅಚ್ಚಾದ ಒಂದೇ ಹಾಳೆ. ಕೊಡುವವರು, ತಗೊಳ್ಳುವವರು ಇಬ್ಬರೂ ಸಹಿ ಹಾಕಬೇಕು.

ಎರಡು: ಬ್ರೇಕು, ಸ್ಟೇರಿಂಗು, ಟೈರಿನ ದೋಷ ಬರೆದ ಗಾಡಿಯನ್ನು ಓಡಿಸು ಎಂದು ಬಾಯಿಮಾತಿನಲ್ಲಿ ಹೇಳುವಂತಿಲ್ಲ. ಓಡಲೇಬೇಕೆಂದರೆ ಮೇಲಧಿಕಾರಿ ಬರೆದು ಸಹಿ ಹಾಕಲಿ. ಈ ಒಂದು ಸಹಿಯೇ ಅರ್ಧ ರಿಪೇರಿ ಮಾಡಿಸುತ್ತದೆ.

ಮೂರು: ಕೊಳ್ಳೇಗಾಲದಲ್ಲಿ ಮೂರೂ ತಾಲ್ಲೂಕಿಗೆ ಸೇರಿ ಒಂದು ರಿಪೇರಿ ಕೇಂದ್ರ, ಜೊತೆಗೆ ಬದಲಿಗೆ ಕೊಡಲು ಒಂದು ಜೀಪು, ಒಂದು ಆಂಬುಲೆನ್ಸ್. ಸಣ್ಣ ರಿಪೇರಿಗೆ ಜಿಲ್ಲಾ ಕೇಂದ್ರಕ್ಕೆ ಓಡುವುದು ತಪ್ಪಲಿ. ಸರ್ಕಾರಿ ಆಸ್ಪತ್ರೆಯ ಆಂಬುಲೆನ್ಸಿಗಾದರೆ ಆರೋಗ್ಯ ರಕ್ಷಾ ಸಮಿತಿಯ ಸಭೆಯಲ್ಲೇ ಇದಕ್ಕೆ ದಾರಿ ಹುಡುಕಬಹುದು.

ನಾಲ್ಕು: ಪ್ರತಿ ತಿಂಗಳು ಒಂದು ಪಟ್ಟಿ. ಯಾವ ವಾಹನ ಎಷ್ಟು ದಿನ ಓಡಿತು, ಎಷ್ಟು ದಿನ ರಿಪೇರಿಯಲ್ಲಿ ನಿಂತಿತ್ತು. ಠಾಣೆ ಮತ್ತು ಆಸ್ಪತ್ರೆಯ ನೋಟಿಸ್ ಬೋರ್ಡಿಗೆ ಹಾಕಲಿ, ತಾಲ್ಲೂಕು ಕೆ.ಡಿ.ಪಿ. ಸಭೆಯಲ್ಲಿ ಓದಲಿ. ಗಸ್ತು ಎಲ್ಲಿ, ಎಷ್ಟು ಹೊತ್ತಿಗೆ ಎಂಬ ಗುಟ್ಟು ನಮಗೆ ಬೇಡ. ಗಾಡಿ ನೆಟ್ಟಗಿದೆಯಾ ಎಂಬುದು ಗುಟ್ಟಾಗಬೇಕಿಲ್ಲ.

ಇದಕ್ಕೆ ದುಡ್ಡು ಎಲ್ಲಿ ಎಂದು ಕೇಳುತ್ತಾರೆ. ಹಾಳೆಗೆ, ಸಹಿಗೆ, ಪಟ್ಟಿಗೆ ದುಡ್ಡು ಬೇಡ. ಬ್ರೇಕ್ ಆಯಿಲ್ ಡಬ್ಬಿಯ ಬೆಲೆ ಹಸಿರು ಬಾವುಟದ ಸಮಾರಂಭದ ಶಾಮಿಯಾನಕ್ಕಿಂತ ಕಡಿಮೆ. ಬದಲಿ ವಾಹನಕ್ಕೆ ದುಡ್ಡು ಬೇಕು, ನಿಜ. ಮುಂದಿನ ಸಲ ಹೊಸ ಗಾಡಿ ಮಂಜೂರಾದಾಗ ಹಳೆಯದರಲ್ಲಿ ಗಟ್ಟಿಯಾಗಿರುವ ಒಂದನ್ನು ಬದಲಿಗೆಂದು ಇಟ್ಟುಕೊಂಡು ಶುರು ಮಾಡಬಹುದು.

108 ಸೇವೆ ನಮ್ಮ ರಾಜ್ಯದಲ್ಲಿ ಶುರುವಾಗಿದ್ದು 2008ರ ನವೆಂಬರ್ 1ರಂದು. ಅದು ಉಳಿಸಿದ ಜೀವಗಳ ಬಗ್ಗೆ ನಮಗೆ ಗೌರವ ಇದೆ. 2022ರ ಸೆಪ್ಟೆಂಬರ್ ಕೊನೆಯಲ್ಲಿ ಕರೆ ಕೇಂದ್ರದ ತಾಂತ್ರಿಕ ವ್ಯವಸ್ಥೆ ಕೆಟ್ಟಾಗ ರಾಜ್ಯವಿಡೀ ಗಲಿಬಿಲಿಯಾಯಿತು, ಸುದ್ದಿಯಾಯಿತು, ಸರಿಯೂ ಆಯಿತು. ಎಲ್ಲರಿಗೂ ಒಮ್ಮೆಗೇ ಕೆಟ್ಟರೆ ಸುದ್ದಿ. ಹನೂರಿನ ಯಾವುದೋ ತಿರುವಿನಲ್ಲಿ ಒಂದೇ ಗಾಡಿ ಕೆಟ್ಟರೆ ಅದು ಆ ಮನೆಯವರ ಹಣೆಬರಹ ಎಂದಾಗಿಬಿಡುತ್ತದೆ.

ಓದುಗರಲ್ಲಿ ಒಂದು ಕೋರಿಕೆ. ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಶುಲ್ಕದ ಒಂದು ಅರ್ಜಿ ಸಾಕು. ನಿಮ್ಮ ಊರಿಗೆ ಬರಬೇಕಾದ ಆಂಬುಲೆನ್ಸ್ ಕಳೆದ ವರ್ಷ ಎಷ್ಟು ದಿನ ರಿಪೇರಿಯಲ್ಲಿತ್ತು, ಟೈರು ಯಾವಾಗ ಬದಲಾಯಿಸಿದರು ಎಂದು ಕೇಳಿ. 30 ದಿನದಲ್ಲಿ ಉತ್ತರ ಕೊಡಬೇಕು. ಯಳಂದೂರಿನವರು ಒಬ್ಬರು, ಹನೂರಿನವರು ಒಬ್ಬರು, ಕೊಳ್ಳೇಗಾಲದವರು ಒಬ್ಬರು ಕೇಳಿದರೂ ಸಾಕು. ಬಂದ ಉತ್ತರ ನಮಗೆ ಕಳಿಸಿ, ಇಲ್ಲೇ ಹಾಕುತ್ತೇವೆ. ಮುಂದಿನ ಕೆ.ಡಿ.ಪಿ. ಸಭೆಗೆ ಅದನ್ನೇ ಹಿಡಿದುಕೊಂಡು ಹೋಗೋಣ.