ನಲವತ್ತೊಂದು ಐಡಿಯಾ, ಮೂವತ್ತು ಕಟ್ಟು ರೊಟ್ಟಿ

ಮೂರನೇ ಸೆಮ್‌ನ ಇಂಟರ್ನಲ್ಸ್ ಮುಗಿದ ಸಂಜೆ ನಾವು ನಾಲ್ವರು ಕ್ಯಾಂಟೀನ್ ಹಿಂದಿನ ಕಟ್ಟೆ ಮೇಲೆ ಕೂತು ನಲವತ್ತೊಂದು ಬಿಸಿನೆಸ್ ಐಡಿಯಾ ಬರೆದೆವು. ಎಲ್ಲವೂ ಆನ್‌ಲೈನ್. ಟೀ ಶರ್ಟ್ ಪ್ರಿಂಟಿಂಗ್, ನೋಟ್ಸ್ ಪಿಡಿಎಫ್ ಮಾರಾಟ, ಅಂಗಡಿಗಳ ಇನ್‌ಸ್ಟಾಗ್ರಾಮ್ ಪೇಜ್ ನೋಡ್ಕೊಳ್ಳೋದು, ಹಳೇ ಲ್ಯಾಬ್ ಕೋಟು ಮಾರೋ ಆ್ಯಪ್, ಪಿಜಿ ಹುಡುಕೋ ಆ್ಯಪ್, ಪಿಜಿಯಿಂದ ಓಡಿಹೋಗೋ ಆ್ಯಪ್ (ಇದು ತಮಾಷೆಗೆ). ಪಟ್ಟಿ ಪೂರ್ತಿ ಇಂಗ್ಲಿಷಿನಲ್ಲಿತ್ತು. ಅದು ವಿಚಿತ್ರ ಅಂತ ಆಗ ನಮಗೆ ಅನ್ನಿಸಲೇ ಇಲ್ಲ.

ಎರಡನೇ ವರ್ಷದಲ್ಲಿ ಇಂಥ ಪಟ್ಟಿ ಮಾಡದ ಗುಂಪು ನಮ್ಮ ಕಾಲೇಜಲ್ಲಿ ಇರಲಿಕ್ಕಿಲ್ಲ. ನಮ್ಮ ಪಟ್ಟಿಗೆ ಏನಾಯ್ತು ಅಂತ ಹೇಳಿದರೆ ನಿಮಗೂ ಉಪಯೋಗ ಆಗಬಹುದು. ನಮ್ಮ ವಾದ ಇಷ್ಟೇ: ನಾವು ಐಡಿಯಾ ಹುಡುಕೋ ಕ್ರಮವೇ ತಲೆಕೆಳಗಾಗಿದೆ. ಮೊದಲು ಆ್ಯಪ್ ಯೋಚಿಸ್ತೀವಿ, ಆಮೇಲೆ ಹೆಸರು, ಲೋಗೋ. ಕೊನೆಗೆ, ಟೈಮ್ ಉಳಿದರೆ, ಮನುಷ್ಯರು.

ಪಟ್ಟಿ ಸಣ್ಣದು ಮಾಡೋಕೆ ಒಂದು ಪ್ರಶ್ನೆ ಇಟ್ಟುಕೊಂಡೆವು. ಮುಂದಿನ ವಾರ ಇದಕ್ಕೆ ದುಡ್ಡು ಕೊಡೋ ಮೂರು ಜನರ ಹೆಸರು ಹೇಳು. 'ಯೂತ್', 'ಸ್ಟೂಡೆಂಟ್ಸ್' ಅಂದರೆ ನಡೆಯಲ್ಲ, ಹೆಸರೇ ಬೇಕು. ಹತ್ತೇ ನಿಮಿಷದಲ್ಲಿ ನಲವತ್ತು ಐಡಿಯಾ ಹೋದವು.

ಉಳಿದಿದ್ದು ಒಂದೇ: ದುಡ್ಡಿಗೆ ಲ್ಯಾಬ್ ರೆಕಾರ್ಡ್ ಬರೆದುಕೊಡೋದು. ಗೂಗಲ್ ಫಾರ್ಮ್‌ನಲ್ಲಿ ಆರ್ಡರ್, ಯುಪಿಐನಲ್ಲಿ ಪೇಮೆಂಟ್. ಮೂರಲ್ಲ, ಮೂವತ್ತು ಹೆಸರು ಸಿಕ್ಕವು. ನಮ್ಮಲ್ಲಿ ಮೂವರು 'ಛೇ, ಇದು ತಪ್ಪು' ಅಂತ ಹೊಡೆದು ಹಾಕಿದೆವು. ನಾಲ್ಕನೆಯವನು, ಬಾಗಲಕೋಟೆ ಕಡೆಯವನು, ಸುಮ್ಮನಿದ್ದ. ಸ್ವಲ್ಪ ಹೊತ್ತಾದ ಮೇಲೆ ಹೇಳಿದ: "ನಾ ಹೋದ ಸೆಮ್‌ನಿಂದ ಬರೀಲಿಕತ್ತೇನಿ. ಪುಟಕ್ಕ ಎಂಟು ರೂಪಾಯಿ. ನನ್ನ ಮೆಸ್ ಬಿಲ್ ಅದರಾಗ ಹೋಗ್ತದ. ನಿಮಗ ಹೊಡೆದು ಹಾಕೋದು ಸಲೀಸು, ಮನಿಯಿಂದ ರೊಕ್ಕ ಬರ್ತಾವ."

ನಮ್ಮ ಬ್ರೈನ್‌ಸ್ಟಾರ್ಮಿಂಗ್ ಅಲ್ಲಿಗೆ ನಿಂತಿತು. ಮೂವರಿಗೆ ಇದು ಸಿವಿಯಲ್ಲಿ ಒಂದು ಸಾಲು. ಅವನಿಗೆ ಊಟ. ಎರಡು ವರ್ಷ ಒಂದೇ ಬೆಂಚಲ್ಲಿ ಕೂತು ನಮಗೆ ಇದು ಗೊತ್ತಿರಲಿಲ್ಲ. ರೆಕಾರ್ಡ್ ಬರೆದುಕೊಡೋದು ತಪ್ಪು ಅಂತಲೇ ನಾವು ಈಗಲೂ ಹೇಳ್ತೀವಿ, ಬರೆಸಿಕೊಳ್ಳುವವನು ಏನೂ ಕಲಿಯಲ್ಲ. ಆದರೆ ತಪ್ಪು ಅಂತ ಹೇಳಿ ಎದ್ದು ಹೋಗೋದು ಸಾಲದು ಅನ್ನೋದು ಅವತ್ತು ಗೊತ್ತಾಯ್ತು.

ಹಾಗೆ ಮಾತು ನಿಂತ ಹೊತ್ತಲ್ಲಿ ನಾವು ಏನು ತಿಂತಾ ಇದ್ವಿ ಗೊತ್ತಾ? ಅವನ ಮನೆಯಿಂದ ಬಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಅವರ ಓಣಿಯಲ್ಲಿ ಅವನ ಅವ್ವ ಮತ್ತು ಇನ್ನಿಬ್ಬರು ಹೆಂಗಸರು ರೊಟ್ಟಿ ಬಡಿದು ಖಾನಾವಳಿಗೆ ಕೊಡ್ತಾರೆ. ಹಾಸ್ಟೆಲಲ್ಲಿ ಪಕ್ಕದ ರೂಮಿನ ಸೀನಿಯರ್‌ಗಳು 'ನಮಗೂ ತರಿಸಿಕೊಡೋ, ದುಡ್ಡು ಕೊಡ್ತೀವಿ' ಅಂತ ವರ್ಷದಿಂದ ಕೇಳ್ತಾ ಇದ್ದರಂತೆ. ನಲವತ್ತೊಂದರಲ್ಲಿ ರೊಟ್ಟಿ ಇರಲೇ ಇಲ್ಲ. ಅದು ಐಡಿಯಾ ಥರ ಕಾಣಲೇ ಇಲ್ಲ ನಮಗೆ.

ಸರಿ, ಶುರು ಮಾಡಿದೆವು. ಶುರುವಾದ ಕೂಡಲೇ ಮತ್ತೆ ಹಳೇ ಚಾಳಿ. ಇನ್‌ಸ್ಟಾಗ್ರಾಮ್ ಪೇಜಿಗೆ 'ಆರ್ಟಿಸನಲ್ ಮಿಲೆಟ್ ಕ್ರಿಸ್ಪ್ಸ್' ಅಂತ ಹೆಸರಿಟ್ಟೆವು. ಫೋಟೋದಲ್ಲಿ ಚೆನ್ನಾಗಿ ಕಾಣುತ್ತೆ ಅಂತ ಉದ್ದನೆಯ ಡಬ್ಬಿ ತರಿಸಿದೆವು. ಗೆಳೆಯ ಊರಿಗೆ ಹೋದಾಗ ಅದರಲ್ಲಿ ರೊಟ್ಟಿಗಳನ್ನ ನಿಲ್ಲಿಸಿ ತುಂಬಿ ರಾತ್ರಿ ಬಸ್ಸಿಗೆ ಪಾರ್ಸೆಲ್ ಹಾಕಿದ. ಹತ್ತು ರೊಟ್ಟಿಯ ಮೂವತ್ತು ಕಟ್ಟು. ರೊಟ್ಟಿಗೆ ಏಳರಂತೆ 2,100 ರೂಪಾಯಿ, ಡಬ್ಬಿಗೆ 240, ಪಾರ್ಸೆಲ್‌ಗೆ 160. ಕಟ್ಟಿಗೆ ನೂರರಂತೆ ಮಾರಿದರೆ 500 ಲಾಭ ಅಂತ ಎಕ್ಸೆಲ್ ಶೀಟ್ ಹೇಳಿತ್ತು.

ಬೆಳಿಗ್ಗೆ ತೆಗೆದು ನೋಡಿದರೆ ಎಂಟು ಕಟ್ಟು ಪುಡಿಪುಡಿ. ಒಟ್ಟು 300 ರೂಪಾಯಿ ನಷ್ಟ, ತಲಾ 75. ಸಮನಾಗಿ ಹಂಚಿಕೊಂಡ್ವಿ. ಆದರೆ ಆ 75 ನಾಲ್ವರಿಗೂ ಸಮ ಇರಲಿಲ್ಲ.

ಅವನ ಅವ್ವನಿಗೆ ಫೋನ್ ಮಾಡಿದಾಗ ಬೈಗುಳ ಬರುತ್ತೆ ಅಂದುಕೊಂಡಿದ್ವಿ. "ಅಲ್ರಪ್ಪಾ, ಇಷ್ಟ್ ವರ್ಷ ಮಗಗ ರೊಟ್ಟಿ ಕಳಸೇನಿ, ಒಂದಾರ ಮುರದತೇನು? ಬಿಗಿಯಾಗಿ ಕಟ್ಟಿ ಮಲಗಿಸಿ ಇಡಬೇಕ್ರಿ. ನನ್ನ ಒಂದ್ ಮಾತು ಕೇಳಬಾರದಿತ್ತಾ?" ಅಂದರು. ಆಮೇಲೆ ಪೇಜಿನಲ್ಲಿ ಏನು ಬರೆದಿದೀರಿ ಓದಿ ಅಂದರು. ಓದಿದೆವು. "ಇದು ನಮ್ಮ ರೊಟ್ಟೀನಾ?" ಅಂತ ಕೇಳಿದರು. ಅವರ ರೊಟ್ಟಿಯನ್ನ ಅವರಿಗೇ ಗೊತ್ತಾಗದ ಹಾಗೆ ಬರೆದಿದ್ವಿ.

ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ ಕನ್ನಡದಲ್ಲಿ ನಾಲ್ಕು ಸಾಲು ಟೈಪ್ ಮಾಡೋಕೆ ಅರ್ಧ ಗಂಟೆ ಬೇಕಾಯ್ತು, ಒತ್ತಕ್ಷರದ ಜೊತೆ ಕುಸ್ತಿ. ಕೊನೆಗೆ ಗೆಳೆಯನೇ ಫೋನ್ ಕಿತ್ಕೊಂಡು ವಾಟ್ಸಾಪಲ್ಲಿ ಹಾಕಿದ: "ಮನಿ ರೊಟ್ಟಿ ಬರ್ತಾವ. ಖಡಕ್, ಕೈಲೆ ಬಡದದ್ದು. ಹತ್ತಕ್ಕ 100. ಶನಿವಾರ ಸಂಜಿ ಹಾಸ್ಟೆಲ್ ಗೇಟಿಗೆ ಬರ್ರಿ." ಇಂಗ್ಲಿಷ್ ಪೇಜಿಗೆ ಅರವತ್ತು ಲೈಕು, ಎರಡು ಆರ್ಡರ್ ಬಂದಿತ್ತು. ಈ ಮೆಸೇಜಿಗೆ ಎರಡೇ ದಿನದಲ್ಲಿ ನಲವತ್ತು ಆರ್ಡರ್. ಇಂಗ್ಲಿಷ್ ಬೇಡ ಅಂತ ನಾವು ಹೇಳ್ತಾ ಇಲ್ಲ. ಕೊಳ್ಳುವವರು ಹುಬ್ಬಳ್ಳಿ, ಗದಗ, ವಿಜಯಪುರದ ಹುಡುಗರು, ನಾವು ಬರೆದಿದ್ದು ಮತ್ಯಾರಿಗೋ.

ದೊಡ್ಡ ಕಂಪನಿಗಳ ಕಥೆಯನ್ನೂ ನಾವು ಅರ್ಧ ಮಾತ್ರ ಹೇಳ್ಕೊತೀವಿ. ಬೆಂಗಳೂರಲ್ಲಿ ಕೆಲಸದಲ್ಲಿದ್ದ ಫಣೀಂದ್ರ ಸಾಮ ಅವರಿಗೆ 2005ರ ದೀಪಾವಳಿಗೆ ಹೈದರಾಬಾದಿಗೆ ಹೋಗೋಕೆ ಬಸ್ ಟಿಕೆಟ್ ಸಿಗಲಿಲ್ಲ, 2006ರಲ್ಲಿ ಗೆಳೆಯರ ಜೊತೆ ರೆಡ್‌ಬಸ್ ಶುರು ಮಾಡಿದರು. ಇಷ್ಟು ಎಲ್ಲರಿಗೂ ಗೊತ್ತು. ಅವರು ಟ್ರಾವೆಲ್ಸ್ ಏಜೆಂಟರ ಹತ್ತಿರ ಹೋಗಿ ಸೀಟು ಹೇಗೆ ಮಾರಾಟ ಆಗುತ್ತೆ ಅಂತ ಕೇಳಿ ತಿಳ್ಕೊಂಡಿದ್ದನ್ನ ಯಾವ ಪಿಚ್‌ನಲ್ಲೂ ನಾವು ಹೇಳಲ್ಲ. ಅದು ಸಪ್ಪೆ ಭಾಗ. ಆದರೆ ಕೆಲಸ ಆಗಿದ್ದು ಅಲ್ಲೇ.

ಕಾಗದಪತ್ರದ ಒಂದು ಮಾತು. ಮನೆಯಲ್ಲಿ ಮಾಡಿ ಮಾರಿದರೂ ಆಹಾರಕ್ಕೆ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು, ಸಣ್ಣವರಿಗೆ ವರ್ಷಕ್ಕೆ 100 ರೂಪಾಯಿ ಶುಲ್ಕ. ಮೊದಲ ಸಲ ನಮಗೆ ಇದು ಗೊತ್ತೇ ಇರಲಿಲ್ಲ, ಎರಡನೇ ಸಲಕ್ಕೆ ಮುಂಚೆ ಅವ್ವನ ಹೆಸರಲ್ಲಿ ಮಾಡಿಸಿದೆವು. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸ್ ಬಂದಾಗ ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಹೋಗಿ 'ನಗದು ಮಾತ್ರ' ಬೋರ್ಡ್ ಬಂದಿದ್ದು ನೆನಪಿರಬಹುದು. ಸಾಮಾನ್ಯವಾಗಿ ಸರಕಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ. ನಾವು ಅಲ್ಲಿಂದ ಬಹಳ ದೂರ ಇದ್ದೀವಿ, ಆದರೂ ಲೆಕ್ಕ ಬರೆದಿಡ್ತೀವಿ.

ಎರಡನೇ ಸಲ ಅವ್ವ ಹೇಳಿದ ಹಾಗೇ ಕಟ್ಟಿದೆವು. ನಲವತ್ತರಲ್ಲಿ ಒಂದು ಕಟ್ಟು ಮುರೀತು, ಅದನ್ನ ನಾವೇ ತಿಂದ್ವಿ. ಆದರೆ ಅದಕ್ಕೂ ಮುಂಚೆ, ಏಳು ರೂಪಾಯಿ ಅವರಿಗೆ ಸಾಕಾಗುತ್ತಾ ಅಂತ ಮೊದಲ ಸಲ ಕೇಳಿದೆವು. ಜೋಳ, ಗಿರಣಿ, ಗ್ಯಾಸು ಎಲ್ಲ ಲೆಕ್ಕ ಹಾಕಿ "ಎಂಟು ಕೊಡ್ರಪ್ಪಾ" ಅಂದರು. ಎಂಟು ಕೊಟ್ಟೆವು. ಎಲ್ಲ ಕಳೆದು ನಮಗೆ ಉಳಿದಿದ್ದು 250 ರೂಪಾಯಿ. ಬಿಸಿನೆಸ್ ಐಡಿಯಾ ನಮ್ಮದು ಅಂತ ನಾವು ಅಂದುಕೊಂಡಿದ್ವಿ, ಬಿಸಿನೆಸ್ ಅವರ ಓಣಿಯಲ್ಲಿ ಎಷ್ಟೋ ವರ್ಷದಿಂದ ನಡೀತಾನೇ ಇತ್ತು.

250 ರೂಪಾಯಿಯಲ್ಲಿ ಯಾರ ಮೆಸ್ ಬಿಲ್ಲೂ ಹೋಗಲ್ಲ. ಗೆಳೆಯ ಇನ್ನೂ ರೆಕಾರ್ಡ್ ಬರೀತಾನೆ, ಮೊದಲಿಗಿಂತ ಕಡಿಮೆ. ಅದು ಪೂರ್ತಿ ನಿಲ್ಲೋವರೆಗೆ ಈ ವ್ಯಾಪಾರ ಗೆದ್ದಿದೆ ಅಂತ ನಾವು ಹೇಳಲ್ಲ.

ನೀವೂ ಪಟ್ಟಿ ಮಾಡ್ತಾ ಇದ್ದರೆ ಒಂದು ಕೆಲಸ ಮಾಡಿ. ಪಕ್ಕದಲ್ಲಿ ಕೂತವರ ಮನೆಯಲ್ಲಿ ಯಾರು ಏನು ಮಾಡ್ತಾರೆ ಅಂತ ಕೇಳಿ. ಶನಿವಾರ ಸಂಜೆ ಹಾಸ್ಟೆಲ್ ಗೇಟಿಗೂ ಬನ್ನಿ, ಈ ಸಲ ಗುರೆಳ್ಳು ಚಟ್ನೀನೂ ಇದೆ.